ಮುಳ್ಳು ತೋರದ ಮಿತಿ

ಮುದಿ ಎತ್ತಿನ ಕೊರಳಿಗೆ ಹೊಸ ಗೆಜ್ಜೆ ಕಟ್ಟಿದರೆ ನಡಿಗೆಗೆ ಕಳೆ ಬಂದೀತು. ಕಾಲಿಗೆ ಕಸುವು ಬಾರದು. ಒಕ್ಕಲಿಗನಿಗೆ ಇದನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಎತ್ತಿನ ವಿಷಯದಲ್ಲಿ ಇಷ್ಟು ಸುಲಭವಾಗಿ ಹೊಳೆಯುವ ಮಾತು ಯಂತ್ರದ ವಿಷಯದಲ್ಲಿ ಮಾತ್ರ ಮರೆತುಹೋಗುತ್ತದೆ. ಎತ್ತು ಏದುಸಿರು ಬಿಡುತ್ತದೆ, ನೊಗ ಹೊತ್ತು ನಿಂತುಬಿಡುತ್ತದೆ, ಕಣ್ಣಿನಲ್ಲಿಯೇ ತನ್ನ ದಣಿವನ್ನು ಹೇಳುತ್ತದೆ. ಯಂತ್ರಕ್ಕೆ ಆ ಭಾಷೆಯಿಲ್ಲ. ಅದು ಕಡೆಯ ಗಳಿಗೆಯವರೆಗೂ ಹೇಳಿದ ಕೆಲಸ ಮಾಡೀತು, ಮರುಗಳಿಗೆಯಲ್ಲಿ ಮುರಿದೀತು.

ಅಮೆರಿಕದ ಅಯೋವಾ ಪ್ರಾಂತ ಮುಸುಕಿನ ಜೋಳದ ಸೀಮೆ. ಅಲ್ಲಿಯ ಒಂದು ಒಕ್ಕಲು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಬೇಕು. ಕೊಟ್ಟಿಗೆಯಲ್ಲಿ 1951ರ ಒಂದು ಷೆವರ್ಲೆ ಟ್ರಕ್ಕು. ಮನೆಯ ಯಜಮಾನನ ತಂದೆ ಕೊಂಡದ್ದು. ಜೋಳ ಹೊತ್ತದ್ದು, ಹಂದಿ ಹೊತ್ತದ್ದು, ಹೊಸದಾಗಿ ಮದುವೆಯಾದವರನ್ನೂ ಹೊತ್ತದ್ದು. ಷೆವರ್ಲೆಯವರು 1947ರಿಂದ 1955ರವರೆಗೆ ತಯಾರಿಸಿದ ಈ ದುಂಡು ಮೂತಿಯ ಟ್ರಕ್ಕುಗಳನ್ನು ಆ ದೇಶದಲ್ಲಿ ಇಂದಿಗೂ ಬಣ್ಣ ಬಳಿದು, ಬಿಡಿಭಾಗ ಹುಡುಕಿ, ಹಿರಿಯರ ಸೊತ್ತೆಂಬ ಅಕ್ಕರೆಯಿಂದ ಇರಿಸಿಕೊಳ್ಳುವವರು ಬಹು ಮಂದಿ.

ಈಗ ಅದು ಯಜಮಾನನ ಮೊಮ್ಮಗನ ಕೈಗೆ ಬಂದಿದೆ. ಹುಡುಗನಿಗೆ ಹದಿನೇಳು ವರ್ಷ. ಒಂದು ಕಾರ್ಬುರೇಟರ್ ಇದ್ದಲ್ಲಿ ಎರಡನ್ನು ಕೂರಿಸಿದ್ದಾನೆ. ಹೊಗೆ ಸರಾಗವಾಗಿ ಹೊರಟುಹೋಗಲೆಂದು ಹೊಸ ಕೊಳವೆಗಳನ್ನು ಜೋಡಿಸಿದ್ದಾನೆ. ಕಾರ್ಖಾನೆಯವರು ಎಂದೂ ಕೊಡದಿದ್ದ ಟ್ಯಾಕೋಮೀಟರನ್ನು ಚಾಲಕನ ಮುಂದೆ ನಿಲ್ಲಿಸಿದ್ದಾನೆ. ನಿಮಿಷಕ್ಕೆ ಎಷ್ಟು ಸುತ್ತು ಎಂದು ತೋರಿಸುವ ಆ ಗಡಿಯಾರದಲ್ಲಿ ಅಂಕಿಗಳು 8000ದವರೆಗೂ ಇವೆ. ಮುಳ್ಳು 3000ದಲ್ಲಿ ನಿಂತರೆ ಹುಡುಗನಿಗೆ ಅದು ಅರ್ಧ ದಾರಿಯಲ್ಲಿ ಕುಳಿತ ಪಯಣಿಗನಂತೆ ಕಾಣುತ್ತದೆ.

“ಅಜ್ಜ, ಇದನ್ನು ಎಷ್ಟರವರೆಗೆ ಓಡಿಸಬಹುದು?” ಎಂಬುದು ಅವನ ಪ್ರಶ್ನೆ.

ಅಜ್ಜನಿಗೆ ಉತ್ತರ ತಿಳಿಯದು. ಅವನ ತಂದೆ ಎಂಜಿನಿನ ಸುತ್ತನ್ನು ಎಣಿಸಿದವನಲ್ಲ. ಸದ್ದು ಕೇಳಿ ಗೇರು ಬದಲಿಸಿದವನು. ಹಾಗೆಂದು ಬೇಡವೆನ್ನಲು ಮನಸ್ಸೂ ಬಾರದು. ಹಳೆಯ ಬಂಡಿಯನ್ನು ಒಲಿದು ಬಂದ ಮೊಮ್ಮಗನ ಉತ್ಸಾಹಕ್ಕೆ ತಣ್ಣೀರೆರೆಯುವ ಧೈರ್ಯ ಯಾವ ಅಜ್ಜನಿಗಿದ್ದೀತು? ಆದುದರಿಂದ ಪ್ರಶ್ನೆ ಊರಿನ ಮುದುಕ ಮೆಕ್ಯಾನಿಕ್ಕನ ಬಳಿಗೆ ಹೋಗುತ್ತದೆ.

ಮೆಕ್ಯಾನಿಕ್ಕು ಟ್ಯಾಕೋಮೀಟರನ್ನು ನೋಡುವುದಿಲ್ಲ. ಟ್ರಕ್ಕಿನ ಕೆಳಗೆ ನುಸುಳಿ, ಆಯಿಲ್ ಪ್ಯಾನನ್ನು ಬಿಚ್ಚಿ, ಹುಡುಗನನ್ನು ತನ್ನ ಪಕ್ಕದಲ್ಲಿ ಅಂಗಾತ ಮಲಗಿಸುತ್ತಾನೆ. ಇದು 216 ಘನ ಅಂಗುಲದ ಆರು ಸಿಲಿಂಡರಿನ ಎಂಜಿನು. ಕನೆಕ್ಟಿಂಗ್ ರಾಡಿನ ಬುಡದಲ್ಲಿ ಇಂದಿನ ಎಂಜಿನುಗಳಂತೆ ಬಿಡಿಯಾದ ಬೇರಿಂಗ್ ಚಿಪ್ಪುಗಳಿಲ್ಲ. ಬ್ಯಾಬಿಟ್ ಎಂಬ ಮೆತ್ತನೆಯ ಬೆಳ್ಳಗಿನ ಮಿಶ್ರಲೋಹವನ್ನು ಕರಗಿಸಿ ಅಲ್ಲಿಯೇ ಎರೆದಿದ್ದಾರೆ. ಆ ಬುಡದ ತುದಿಯಲ್ಲಿ ಒಂದು ಪುಟ್ಟ ಸೌಟು. ರಾಡು ಸುತ್ತುವಾಗ ಈ ಸೌಟು ಕೆಳಗಿನ ತೊಟ್ಟಿಯಿಂದ ಎಣ್ಣೆಯನ್ನು ಮೊಗೆದುಕೊಳ್ಳುತ್ತದೆ. ವೇಗ ಹೆಚ್ಚಿದಾಗ ಕಿರುನಳಿಗೆಯಿಂದ ಚಿಮ್ಮುವ ಎಣ್ಣೆಯ ಧಾರೆ ನೇರವಾಗಿ ಅದರ ಬಾಯಿಗೆ ಬೀಳುತ್ತದೆ. ಹೊಲ, ಸಂತೆ, ಹಳ್ಳಿಯ ರಸ್ತೆ, ಇವಕ್ಕೆ ಈ ಏರ್ಪಾಡು ಧಾರಾಳವಾಗಿ ಸಾಕು.

ಆ ಸೌಟಿನ ಮೇಲೆ ಬೀಳುವ ಹೊರೆಯಾದರೂ ಎಷ್ಟು? ಪಿಸ್ಟನ್ ಮೇಲೇರಿ, ಒಂದು ಕ್ಷಣ ನಿಂತು, ಕೆಳಗಿಳಿಯಬೇಕು. ಏರಿದ ಲೋಹಕ್ಕೆ ಏರುತ್ತಲೇ ಹೋಗುವ ಚಪಲ. ಅದನ್ನು ತಡೆದು ಹಿಂದಕ್ಕೆಳೆಯುವುದು ರಾಡು, ಅದರ ಎರಡು ಬೋಲ್ಟು, ಬ್ಯಾಬಿಟ್ಟಿನ ಆ ತೆಳುವಾದ ಪದರ. ಈ ಎಂಜಿನಿನ ಅಳತೆಯಲ್ಲಿ ಲೆಕ್ಕ ಹಾಕಿದರೆ, ನಿಮಿಷಕ್ಕೆ 3000 ಸುತ್ತಿನಲ್ಲಿ ಪಿಸ್ಟನ್ ತನ್ನ ತೂಕದ 600 ಪಟ್ಟು ಬಲದಿಂದ ರಾಡನ್ನು ಜಗ್ಗುತ್ತದೆ. 4500ಕ್ಕೆ ಏರಿಸಿದರೆ ಜಗ್ಗಾಟ 1300 ಪಟ್ಟನ್ನು ಮೀರುತ್ತದೆ. ವೇಗ ಒಂದೂವರೆಯಷ್ಟಾದರೆ ಬಲ ಎರಡೂಕಾಲರಷ್ಟಾಗುವುದು ಈ ಲೆಕ್ಕದ ಧರ್ಮ. ಲೆಕ್ಕಕ್ಕೆ ಒಂದು ಕಿಲೋಗ್ರಾಂ ತೂಕದ ಪಿಸ್ಟನನ್ನು ಹಿಡಿದರೆ, ಆರು ಕ್ವಿಂಟಾಲಿನ ಮೂಟೆ ಹದಿಮೂರು ಕ್ವಿಂಟಾಲಾಯಿತು. ಅದೂ ಸೆಕೆಂಡಿಗೆ 75 ಬಾರಿ! ಮೇಲಾಗಿ, ಈ ಎಂಜಿನಿನ ಪಿಸ್ಟನುಗಳು ಹಗುರವಾದ ಅಲ್ಯೂಮಿನಿಯಮ್ಮಿನವಲ್ಲ, ಎರಕದ ಕಬ್ಬಿಣದವು.

ಅಪಾಯದ ದಾರಿ ಇದೊಂದೇ ಅಲ್ಲ. ವಾಲ್ವನ್ನು ಮುಚ್ಚಬೇಕಾದ ಸ್ಪ್ರಿಂಗು ಒಂದು ವೇಗದ ಆಚೆಗೆ ಹಿಂದೆ ಬೀಳುತ್ತದೆ. ಸ್ಪ್ರಿಂಗನ್ನು ಬಿಗಿ ಮಾಡಿದರೆ ಕ್ಯಾಮ್ ಸವೆಯುತ್ತದೆ. ಆರು ಸಿಲಿಂಡರಿನ ಉದ್ದನೆಯ ಕ್ರ್ಯಾಂಕು ಕೆಲವು ವೇಗಗಳಲ್ಲಿ ಒದ್ದೆ ಬಟ್ಟೆಯನ್ನು ಹಿಂಡಿದಂತೆ ತಿರುಚಿಕೊಂಡು ನಡುಗುತ್ತದೆ. ಹಳೆಯ ಫ್ಲೈವೀಲಿನಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಅದು ಚೂರುಚೂರಾಗಿ ಸಿಡಿದು, ಚಾಲಕನ ಕಾಲಿನ ಬಳಿಯ ತಗಡನ್ನು ಸೀಳಿಕೊಂಡು ಬಂದೀತು. ಆಗ ಹೋಗುವುದು ಎಂಜಿನೊಂದೇ ಅಲ್ಲ.

“ಹಾಗಾದರೆ ಎಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇದು ಮುರಿಯದೆ ಉಳಿದದ್ದು ಹೇಗೆ?” ಹುಡುಗನ ಮರುಪ್ರಶ್ನೆ ಸಹಜವಾದದ್ದೇ.

ಮೆಕ್ಯಾನಿಕ್ಕು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಾರ್ಬುರೇಟರನ್ನು ಎತ್ತಿ ತೋರಿಸುತ್ತಾನೆ. “ಇದರಿಂದ, ಮಗು.”

ಈ ಮಾತಿನಲ್ಲಿ ಇಡೀ ವಿಷಯದ ಮರ್ಮ ಅಡಗಿದೆ. ಕಾರ್ಖಾನೆಯ ಲೆಕ್ಕದಲ್ಲಿ ಈ ಎಂಜಿನಿನ ಗರಿಷ್ಠ ಶಕ್ತಿ ಸುಮಾರು 90 ಅಶ್ವಶಕ್ತಿ; ಅದು ದೊರೆಯುವುದು 3400 ಸುತ್ತಿನ ಆಸುಪಾಸಿನಲ್ಲಿ. ಅದರಾಚೆಗೆ ಆ ಒಂಟಿ ಕಾರ್ಬುರೇಟರು ಸಾಕಷ್ಟು ಉಸಿರನ್ನು ಒಳಗೆ ಬಿಡುತ್ತಿರಲಿಲ್ಲ. ಉಸಿರಿಲ್ಲದೆ ಶಕ್ತಿ ಕುಗ್ಗುತ್ತಿತ್ತು. ಶಕ್ತಿ ಕುಗ್ಗಿದ ಮೇಲೆ ಇನ್ನೂ ಒತ್ತಿ ಓಡಿಸುವ ಆಸೆ ಯಾರಿಗೂ ಹುಟ್ಟುತ್ತಿರಲಿಲ್ಲ. ಹುಡುಗ ಕೊರತೆಯೆಂದು ಬಗೆದು ಕಿತ್ತುಹಾಕಿದ್ದು ಮನೆಯ ಕಾವಲುಗಾರನನ್ನು. ಎರಡು ಕಾರ್ಬುರೇಟರುಗಳು ಎದೆಗೆ ಉಸಿರನ್ನು ಕೊಟ್ಟವು; ಎಲುಬಿಗೆ ಬಲವನ್ನು ಕೊಡಲಿಲ್ಲ.

ಆ ಕಾವಲುಗಾರನಿಗೂ ಎಟುಕದ ಒಂದು ಸಂದರ್ಭವುಂಟು. ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ತಪ್ಪಿ ಹಾಕಿದರೆ ಎಂಜಿನನ್ನು ತಿರುಗಿಸುವುದು ಪೆಟ್ರೋಲಲ್ಲ, ರಸ್ತೆ. ಆಗ ಚಾಲಕನ ಎಚ್ಚರವೊಂದೇ ಗತಿ.

ಎಲುಬನ್ನೂ ಬಲಪಡಿಸಲಾಗದೆ ಎಂದರೆ, ಖಂಡಿತವಾಗಿ ಆದೀತು. ಷೆವರ್ಲೆಯವರೇ 1954ರ ಟ್ರಕ್ಕುಗಳಿಗೆ ಒತ್ತಡದಿಂದ ಎಣ್ಣೆ ಹರಿಯುವ, ಬಿಡಿ ಬೇರಿಂಗುಗಳುಳ್ಳ 235 ಘನ ಅಂಗುಲದ ಎಂಜಿನನ್ನು ಕೊಟ್ಟರು. ಅದರ 112 ಅಶ್ವಶಕ್ತಿ 3700 ಸುತ್ತಿನಲ್ಲಿ. ಅಂಥದನ್ನು ಬಿಚ್ಚಿ, ರಾಡುಗಳಲ್ಲಿ ಬಿರುಕು ಹುಡುಕಿ, ಬೋಲ್ಟು ಬದಲಿಸಿ, ತಿರುಗುವ ಭಾಗಗಳನ್ನೆಲ್ಲ ತೂಗಿ ಸಮಮಾಡಿದರೆ ಇನ್ನೂ ಮೇಲಕ್ಕೆ ಹೋಗಬಹುದು. ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ 1949ರಿಂದ ನಡೆದುಬಂದ ವೇಗದ ಪಂದ್ಯಗಳಲ್ಲಿ ಹಳೆಯ ಎಂಜಿನುಗಳಿಂದ ಬೆರಗಾಗುವ ವೇಗವನ್ನು ಹಿಂಡಿದವರುಂಟು. ಆದರೆ ಪಂದ್ಯದ ಎಂಜಿನು ಓಡುವುದು ನಿಮಿಷಗಳ ಲೆಕ್ಕದಲ್ಲಿ. ಸಂಸಾರದ ಟ್ರಕ್ಕು ಓಡಬೇಕಾದುದು ತಲೆಮಾರುಗಳ ಲೆಕ್ಕದಲ್ಲಿ.

ಹುಡುಗ ಮೌನವಾಗಿ ಎದ್ದು ಕೂರುತ್ತಾನೆ. ಅವನಿಗೆ ಪಂದ್ಯ ಬೇಕಿರಲಿಲ್ಲ. ಬರುವ ವರ್ಷ ಕಾಲೇಜಿಗೆ ಇದೇ ಬಂಡಿಯಲ್ಲಿ ಹೋಗಬೇಕೆಂಬುದು ಆಸೆ. ಹೆದ್ದಾರಿಯಲ್ಲಿ ಉಳಿದವರು ಗಂಟೆಗೆ 70 ಮೈಲಿಯಲ್ಲಿ ಹೋಗುತ್ತಾರೆ. ಈ ಟ್ರಕ್ಕಿನ ಹಿಂದಿನ ಅಚ್ಚಿನ ಗೇರು 4.11ಕ್ಕೆ ಒಂದು, 60 ಮೈಲಿಗೇ ಎಂಜಿನು ಸುಮಾರು 3000 ಸುತ್ತು ತಿರುಗುತ್ತದೆ, 70 ಮೈಲಿಗೆ 3400ನ್ನು ದಾಟುತ್ತದೆ. ಅದೂ ಒಂದು ಗಳಿಗೆಯಲ್ಲ, ಗಂಟೆಗಟ್ಟಲೆ.

“ಸುತ್ತನ್ನು ಹೆಚ್ಚಿಸಬೇಡ, ಸುತ್ತಿನ ಅಗತ್ಯವನ್ನು ತಗ್ಗಿಸು” ಎನ್ನುತ್ತಾನೆ ಮೆಕ್ಯಾನಿಕ್ಕು. ಅಚ್ಚಿನ ಗೇರುಗಳನ್ನು 3.55ರವಕ್ಕೆ ಬದಲಿಸಿದರೆ 60 ಮೈಲಿಯ ವೇಗಕ್ಕೆ 2600 ಸುತ್ತಿನೊಳಗೇ ಸಾಕಾಗುತ್ತದೆ. ಎರಡು ಕಾರ್ಬುರೇಟರುಗಳು ಬೇಕಾದರೆ ಇರಲಿ. ಏರು ಹತ್ತುವಾಗ ನೆರವಾದಾವು. 3000ವನ್ನು ಎಂದಿನ ಎಲ್ಲೆಯೆಂದೂ, 3400ನ್ನು ಎಂದೋ ಒಮ್ಮೆ ಕ್ಷಣಕಾಲ ಮುಟ್ಟುವ ಎಲ್ಲೆಯೆಂದೂ ತಿಳಿದರೆ ಸಾಕು.

ಆ ಸಂಜೆ ಅಜ್ಜ ಕೊಟ್ಟಿಗೆಗೆ ಹೋದಾಗ ಟ್ಯಾಕೋಮೀಟರಿನ ಗಾಜಿನ ಮೇಲೆ, 3000ದ ಬಳಿ, ಕೆಂಪು ಬಣ್ಣದ ಒಂದು ಗೆರೆ ಕಾಣುತ್ತದೆ. 8000ದವರೆಗೆ ಇನ್ನೂ ಬಹಳ ಜಾಗ ಖಾಲಿ ಉಳಿದಿದೆ. ಗಡಿಯಾರ ಮಾಡಿದವನು ಅಂಕಿಗಳನ್ನು ಎಲ್ಲ ಎಂಜಿನುಗಳಿಗಾಗಿ ಬರೆದಿದ್ದ. ಗೆರೆಯನ್ನು ಮಾತ್ರ ಹುಡುಗ ತನ್ನ ಮುತ್ತಜ್ಜನ ಎಂಜಿನಿಗಾಗಿ ಬರೆದಿದ್ದಾನೆ.

ಅಜ್ಜ ಏನನ್ನೂ ಆಡುವುದಿಲ್ಲ. ಕಿಸೆಯಿಂದ ಕೀಲಿಕೈಯನ್ನು ತೆಗೆದು ಚಾಲಕನ ಪೀಠದ ಮೇಲಿಟ್ಟು, ದೀಪ ಆರಿಸಿ, ಮನೆಯ ಕಡೆಗೆ ನಡೆಯುತ್ತಾನೆ.