ವಿಂಡೋಸ್ ಹೊಡೆಯುವ ಪ್ರಸಂಗ

ನಮ್ಮ ಯಾದಗಿರಿ ಭಾಗದಲ್ಲಿ ಕಂಪ್ಯೂಟರು ಬಸ್ಸಿನಲ್ಲಿ ಬರುತ್ತದೆ, ಅದೂ ಕಂತುಕಂತಾಗಿ. ಮದರ್‌ಬೋರ್ಡು, ಪ್ರೊಸೆಸರು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನವು. ಕ್ಯಾಬಿನೆಟ್ಟು, ಎಸ್‌ಎಂಪಿಎಸ್ಸು ಕಲಬುರಗಿಯವು. ಮಾನಿಟರು ಆನ್‌ಲೈನಿನಲ್ಲಿ ತರಿಸಿದ್ದು. ಹಾರ್ಡ್ ಡಿಸ್ಕು ಮನೆಯಲ್ಲೇ ಇದ್ದ ಹಳೆಯದು. ಬೆಂಗಳೂರಿನವರು ಎಸ್.ಪಿ. ರಸ್ತೆಗೆ ಹೋಗಿ ಒಂದೇ ಬೀದಿಯಲ್ಲಿ ಎಲ್ಲವನ್ನೂ ಕೊಂಡು ಸಂಜೆಗೆ ಮನೆ ಸೇರುತ್ತಾರೆ. ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಯಾದಗಿರಿಗಾದರೆ ಮುಂಬೈ–ಮದ್ರಾಸು ದಾರಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದ ಕಾಲದಿಂದಲೂ ರೈಲುಂಟು. ಶಹಾಪುರ, ಸುರಪುರದವರು ಯಾದಗಿರಿಯಲ್ಲಿ ಇಳಿದು, ಭೀಮೆಯ ಸೇತುವೆ ದಾಟುವ ಬಸ್ಸು ಹಿಡಿದು, ಬೋರ್ಡಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಊರು ಮುಟ್ಟಬೇಕು. ಪಕ್ಕದ ಸೀಟಿನವರು ಅದೇನೆಂದು ಕೇಳದೆ ಬಿಡುವುದಿಲ್ಲ. ಕೇಳಿದ ಮೇಲೆ ರೇಟು ಹೇಳದೆ ನಾವೂ ಬಿಡುವುದಿಲ್ಲ.

ಹೀಗೆ ನಾಲ್ಕು ದಿಕ್ಕಿನಿಂದ ಬಂದ ಬಿಡಿಭಾಗಗಳು ಮದುವೆ ಚಪ್ಪರದಲ್ಲಿ ಕೂತ ಬೀಗರಿದ್ದಂತೆ. ಒಬ್ಬೊಬ್ಬರನ್ನೇ ಮಾತಾಡಿಸಿದರೆ ಎಲ್ಲರೂ ಒಳ್ಳೆಯವರು. ತಕರಾರು ಹುಟ್ಟುವುದು ಕೂಡಿಸಿದ ಮೇಲೆ. ಕಂಪನಿಯಿಂದ ಇಡಿಯಾಗಿ ಬಂದ ಯಂತ್ರ ಹಟ ಹಿಡಿದರೆ ಕೇಳಲು ಒಬ್ಬ ಯಜಮಾನನಿದ್ದಾನೆ. ಕೂಡಿಸಿದ ಯಂತ್ರಕ್ಕೆ ಯಜಮಾನರು ಹಲವರು. ಬೋರ್ಡು ಮಾರಿದವ ರ‍್ಯಾಮ್ ನೋಡಿ ಅನ್ನುತ್ತಾನೆ, ರ‍್ಯಾಮ್ ಮಾರಿದವ ಎಸ್‌ಎಂಪಿಎಸ್ ನೋಡಿ ಅನ್ನುತ್ತಾನೆ, ಎಸ್‌ಎಂಪಿಎಸ್ಸಿನವ ನಿಮ್ಮ ಊರಿನ ಕರೆಂಟು ನೋಡಿ ಅನ್ನುತ್ತಾನೆ. ಕರೆಂಟಿನ ಆಚೆಗೆ ದೂರು ಒಯ್ಯಲು ಜಾಗವಿಲ್ಲದ್ದರಿಂದ ಯಂತ್ರದ ಮುಂದೆ ನಾವೇ ಕೂರಬೇಕಾಗುತ್ತದೆ.

ನನ್ನ ಅಣ್ಣನ ಮಗ ಶಹಾಪುರದಲ್ಲಿ ತಹಶೀಲ್ ಕಚೇರಿಯ ಹತ್ತಿರ ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇಟ್ಟಿದ್ದಾನೆ. ಜಾತಿ, ಆದಾಯ ಪ್ರಮಾಣಪತ್ರ, ಪಹಣಿ, ವಿದ್ಯಾರ್ಥಿವೇತನ, ನಮ್ಮ ಭಾಗಕ್ಕಿರುವ 371(ಜೆ) ಮೀಸಲಾತಿಯ ಅರ್ಜಿ, ಎಲ್ಲವೂ ಅವನ ಕೀಬೋರ್ಡಿನ ಮೇಲಿಂದಲೇ ಸರಕಾರಕ್ಕೆ ಹೋಗಬೇಕು. ಹಳೆಯ ಯಂತ್ರ ಸೋತಿತೆಂದು ಬಿಡಿಭಾಗ ತಂದು ತಾನೇ ಹೊಸದನ್ನು ಕೂಡಿಸಿದ. ಆಮೇಲೆ ಸುರಪುರದಲ್ಲಿದ್ದ ನನಗೆ ಫೋನು ಬಂತು.

"ಕಾಕಾ, ಫ್ಯಾನ್ ತಿರಗ್ಲಕತ್ತ್ಯಾವ. ಮಾನಿಟರ್‌ದಾಗ ಮಾತ್ರ ಏನೂ ಬರವಲ್ದು."

ನಾನು ಹೋಗಿ ಮುಟ್ಟುವಷ್ಟರಲ್ಲಿ ಅಂಗಡಿಯಲ್ಲಿ ಪಂಚಾಯಿತಿ ಕೂಡಿತ್ತು. ಝೆರಾಕ್ಸ್ ಅಂಗಡಿಯವರು "ಬೋರ್ಡ್ ಹೋಗ್ಯಾದ್ರಿ" ಎಂದು ಆಗಲೇ ತೀರ್ಪು ಕೊಟ್ಟಿದ್ದರು. ಮೊಬೈಲ್ ರಿಪೇರಿಯವನಿಗೆ ಪ್ರೊಸೆಸರಿನ ಮೇಲೆ ಅನುಮಾನ. ಹತ್ತಿ ಮಾರಲು ಬಂದು ಪಹಣಿಗಾಗಿ ಕಾದಿದ್ದ ಹಿರಿಯರೊಬ್ಬರು "ಅಮಾಸಿ ದಿನ ತಂದೀ ಏನಪಾ?" ಎಂದು ವಿಚಾರಿಸಿದರು. ಮೂವರಲ್ಲಿ ಹಿರಿಯರ ಪ್ರಶ್ನೆಯೇ ವಾಸಿ. ಅದರಿಂದ ಖರ್ಚೇನೂ ಇಲ್ಲ.

ಫ್ಯಾನು ತಿರುಗಿಯೂ ಚಿತ್ರ ಬಾರದಿದ್ದರೆ ನೋಡಬೇಕಾದ ಜಾಗಗಳು ಬಹಳ ಇಲ್ಲ. ಬೋರ್ಡಿಗೆ ಹೋಗುವ 24 ಪಿನ್ನಿನ ದೊಡ್ಡ ವೈರಲ್ಲದೆ ಪ್ರೊಸೆಸರಿನ ಪಕ್ಕಕ್ಕೆ ಬೇರೆಯೇ ಒಂದು 8 ಪಿನ್ನಿನ ವೈರು ಹೋಗಬೇಕು. ಅದು ಮರೆತುಹೋದರೆ ಫ್ಯಾನುಗಳು ತಿರುಗುತ್ತವೆ, ಪ್ರೊಸೆಸರು ಮಾತ್ರ ಉಪವಾಸ. ರ‍್ಯಾಮ್ ಪಟ್ಟಿಯನ್ನು ಕಟಕ್ ಅನ್ನುವ ತನಕ ಒತ್ತಬೇಕು; ಹೊಸ ಬೋರ್ಡೆಂದು ನಾಜೂಕಾಗಿ ಒತ್ತಿದರೆ ಅರ್ಧದಲ್ಲೇ ನಿಲ್ಲುತ್ತದೆ. ನಾಲ್ಕು ಸ್ಲಾಟಿನ ಬೋರ್ಡಿಗೆ ಎರಡು ಪಟ್ಟಿ ಹಾಕುವುದಾದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದು ಎಂದು ಬಹುತೇಕ ಬೋರ್ಡುಗಳ ಪುಸ್ತಕ ಹೇಳುತ್ತದೆ. ಆ ಪುಸ್ತಕ ಡಬ್ಬಿಯೊಳಗೆ ಪ್ಲಾಸ್ಟಿಕ್ ಹೊದಿಕೆಯಲ್ಲೇ ಮಲಗಿರುತ್ತದೆ. ನಮ್ಮ ಹುಡುಗ ಇವೆಲ್ಲವನ್ನೂ ಸರಿಯಾಗಿಯೇ ಮಾಡಿದ್ದ. ಅವನು ತಂದಿದ್ದು ಹೆಸರಿನ ಕೊನೆಗೆ ಎಫ್ ಅಕ್ಷರವಿದ್ದ ಇಂಟೆಲ್ ಪ್ರೊಸೆಸರು. ಎಫ್ ಇದ್ದರೆ ಒಳಗೆ ಚಿತ್ರ ಮೂಡಿಸುವ ಭಾಗ ಇರುವುದಿಲ್ಲ. ಬೋರ್ಡಿನ ಹಿಂದಿರುವ ಎಚ್‌ಡಿಎಂಐ ತೂತು ಬರೀ ಅಲಂಕಾರ. ಹುಡುಗ ಗ್ರಾಫಿಕ್ಸ್ ಕಾರ್ಡು ಕೂಡ್ರಿಸಿಯೂ ಮಾನಿಟರಿನ ವೈರನ್ನು ಬೋರ್ಡಿಗೇ ಚುಚ್ಚಿದ್ದ. ವೈರನ್ನು ಒಂದು ಗೇಣು ಕೆಳಗೆ ಕಾರ್ಡಿಗೆ ಬದಲಿಸಿದ್ದೇ ಮಾನಿಟರು ಬೆಳಗಿತು. ಬೋರ್ಡ್ ಹೋಗಿದೆ ಎಂದಿದ್ದ ಝೆರಾಕ್ಸಿನವರಿಗೆ ಅಂಗಡಿಯಲ್ಲಿ ಗಿರಾಕಿ ಬಂದ ನೆನಪಾಯಿತು.

ಇನ್ನು ವಿಂಡೋಸ್ ಹೊಡೆಯುವುದು. ಡೌನ್‌ಲೋಡ್ ಮಾಡಿದ ಐಎಸ್‌ಓ ಕಡತವನ್ನು ಹುಡುಗ ಪೆನ್‌ಡ್ರೈವಿಗೆ ಸಿನಿಮಾ ಹಾಕುವ ಹಾಗೆ ಹಾಕಿಟ್ಟಿದ್ದ. ಯಂತ್ರ ಏಳುವಾಗ ಬರೀ ಕಡತವನ್ನು ಓದುವುದಿಲ್ಲ. ಪೆನ್‌ಡ್ರೈವಿನಲ್ಲಿ ಬೂಟ್ ಆಗುವ ಏರ್ಪಾಟು ಇರಬೇಕು. ಅದನ್ನು ಮಾಡಿಕೊಡುವ ರೂಫಸ್‌ನಂಥ ಪುಟ್ಟ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಇದರಲ್ಲೂ ಒಂದು ತೊಡಕುಂಟು. ಹೊಸ ಬೋರ್ಡುಗಳು ಎದ್ದೇಳಲು ನೆಚ್ಚುವುದು ಫ್ಯಾಟ್32 ಎಂಬ ಹಳೆಯ ಪದ್ಧತಿಯನ್ನು. ಅದರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ, ವಿಂಡೋಸಿನ ಮುಖ್ಯ ಕಡತವೋ ಈಗ ಅದಕ್ಕಿಂತ ದಪ್ಪ. ಕೈಯಿಂದ ನಕಲು ಮಾಡಹೊರಟವರು ಇಲ್ಲಿಯೇ ಮುಗ್ಗರಿಸುತ್ತಾರೆ. ರೂಫಸ್ ಇದಕ್ಕೆ ಒಳದಾರಿ ಮಾಡಿಕೊಡುತ್ತದೆ.

ಪೆನ್‌ಡ್ರೈವು ಎದ್ದಿತು, ಭಾಷೆ ಕೇಳಿತು, ಡಿಸ್ಕು ಕೇಳಿತು. ಹಳೆಯ ಹಾರ್ಡ್ ಡಿಸ್ಕು ತೋರಿಸಿದರೆ, ಇದರ ಮೇಲೆ ವಿಂಡೋಸ್ ಹಾಕಲು ಬರುವುದಿಲ್ಲ ಎಂದಿತು. ಅದರ ಕೆಳಗೆ ಕಾರಣವನ್ನೂ ಬರೆದಿತ್ತು. ಆ ಸಾಲನ್ನು ಯಾರೂ ಓದುವುದಿಲ್ಲ. ನಮ್ಮ ಜನ ಎದುರಿನವರ ಮೋರೆ ನೋಡಿ ಮನಸ್ಸು ಓದಬಲ್ಲರು, ಪರದೆಯ ಮೇಲೆ ಬರೆದದ್ದು ಕಂಡರೆ ಮಾತ್ರ ಕೈ ತಾನಾಗಿ ಓಕೆ ಒತ್ತುತ್ತದೆ. ಇಂಗ್ಲಿಷ್ ಬರಲಾರದ್ದಕ್ಕೆ ಎಂದು ತಿಳಿಯಬೇಡಿ, ಎಂ.ಎ. ಮಾಡಿದವರೂ ಹೀಗೆಯೇ.

ಡಿಸ್ಕಿನ ಜಾಗವನ್ನು ಪಾಲು ಹಂಚುವ ಲೆಕ್ಕಪತ್ರದಲ್ಲಿ ಎರಡು ಪದ್ಧತಿಗಳಿವೆ. 1983ರಿಂದ ನಡೆದುಬಂದದ್ದು ಎಂಬಿಆರ್. ಅದು 2 ಟಿಬಿಗಿಂತ ಆಚೆಯ ಜಾಗವನ್ನು ಕಾಣದು, ನಾಲ್ಕಕ್ಕಿಂತ ಹೆಚ್ಚು ಮುಖ್ಯ ಪಾಲು ಒಪ್ಪದು. ಹೊಸದು ಜಿಪಿಟಿ. ಹಳೆಯ ಬಯೋಸ್ ಪದ್ಧತಿಯಲ್ಲಿ ಏಳುವ ಯಂತ್ರಕ್ಕೆ ವಿಂಡೋಸ್ ಎಂಬಿಆರ್ ಕೇಳುತ್ತದೆ, ಯುಇಎಫ್ಐ ಪದ್ಧತಿಯಲ್ಲಿ ಏಳುವ ಯಂತ್ರಕ್ಕೆ ಜಿಪಿಟಿ. ಹೊಸ ಬೋರ್ಡಿಗೆ ಎಂಬಿಆರ್ ಇರುವ ಹಳೆಯ ಡಿಸ್ಕು ಕೊಟ್ಟರೆ ಜಗಳ ಖಂಡಿತ. ಪರದೆ ಬರೆದಿದ್ದ ಕಾರಣವೂ ಇದೇ.

"ಎಲ್ಲಾ ಪಾರ್ಟಿಶನ್ ಡಿಲೀಟ್ ಹೊಡೀಲೇನು ಕಾಕಾ?" ಎಂದ ಹುಡುಗ. ಡಿಲೀಟ್ ಹೊಡೆದರೆ ತಕರಾರು ಆ ಕ್ಷಣಕ್ಕೆ ಮುಗಿಯುತ್ತದೆ, ನಿಜ. ಆದರೆ ಅದೇ ಡಿಸ್ಕಿನಲ್ಲಿ ಅವನ ಅಕ್ಕನ ಮದುವೆಯ ಫೋಟೊಗಳಿದ್ದವು, ಊರಿನ ಅರ್ಧ ಜನರ ಅರ್ಜಿಗಳಿದ್ದವು. ಅವನನ್ನು ತಡೆದು, ಹೊಸದೊಂದು ಎಸ್‌ಎಸ್‌ಡಿ ತರಿಸಿ, ಹಳೆಯ ಡಿಸ್ಕಿನ ವೈರು ಕಿತ್ತಿಟ್ಟೆವು. ಕಿತ್ತಿಡುವುದು ಬರೀ ಭಯಕ್ಕಲ್ಲ. ಎರಡೂ ಡಿಸ್ಕು ಜೋಡಿಸಿಟ್ಟು ವಿಂಡೋಸ್ ಹಾಕಿದರೆ ಅದು ಕೆಲವೊಮ್ಮೆ ಮೈಯನ್ನು ಹೊಸ ಡಿಸ್ಕಿಗೂ ಏಳುವ ಕೀಲಿಯನ್ನು ಹಳೆಯ ಡಿಸ್ಕಿಗೂ ಹಂಚಿಬಿಡುತ್ತದೆ. ವರ್ಷದ ಮೇಲೆ ಹಳೆಯದನ್ನು ತೆಗೆದಾಗ ಹೊಸದು ಏಳುವುದಿಲ್ಲ.

ಡಿಸ್ಕೇ ಕಾಣದಿರುವುದು ಇನ್ನೊಂದು ಬಗೆ. ಇಂಟೆಲ್ಲಿನ 11ನೆಯ ಪೀಳಿಗೆಯಿಂದೀಚಿನ ಕೆಲವು ಯಂತ್ರಗಳಲ್ಲಿ ವಿಎಂಡಿ ಎಂಬ ಏರ್ಪಾಟು ಚಾಲೂ ಇರುತ್ತದೆ. ಅದರ ಡ್ರೈವರ್ ಕೊಡುವ ತನಕ ಅಥವಾ ಬೋರ್ಡಿನ ಬಯೋಸ್ ಸೆಟಪ್ಪಿನಲ್ಲಿ ಅದನ್ನು ಬಂದ್ ಮಾಡುವ ತನಕ ವಿಂಡೋಸಿನ ಪಾಲಿಗೆ ಆ ಡಿಸ್ಕು ಇಲ್ಲವೇ ಇಲ್ಲ. ಡಿಸ್ಕು ಸುಟ್ಟಿದೆಯೆಂದು ವಾಪಸು ಕೊಡಲು ಹೈದರಾಬಾದಿಗೆ ಹೊರಡುವ ಮುಂಚೆ ಇದೊಂದು ನೋಡಬೇಕು.

ಕಡತಗಳೆಲ್ಲ ನಕಲಾಗಿ ಯಂತ್ರ ಒಮ್ಮೆ ಮಲಗಿ ಏಳುತ್ತದೆ. ಆಗ ಪೆನ್‌ಡ್ರೈವು ಅಲ್ಲೇ ಚುಚ್ಚಿಕೊಂಡಿದ್ದರೆ ಮತ್ತೆ ಮೊದಲಿನಿಂದ ಭಾಷೆ ಕೇಳಿದರೂ ಕೇಳಿತು. ಕೇಳಿತೆಂದು ಮತ್ತೆ ಇನ್‌ಸ್ಟಾಲ್ ಒತ್ತಿ, ಮತ್ತೆ ಮಲಗಿಸಿ, ರಾತ್ರಿಯೆಲ್ಲ ಇದೇ ಮಾಡಿದವರನ್ನು ನಾನು ಬಲ್ಲೆ. ಅವರ ತಾಳ್ಮೆ ಹೊಗಳತಕ್ಕದ್ದು, ಪೆನ್‌ಡ್ರೈವು ಕೀಳತಕ್ಕದ್ದು. ನಕಲಾಗುವುದು ಒಂದು ಸಲ 30 ಪರ್ಸೆಂಟಿಗೆ, ಇನ್ನೊಂದು ಸಲ 70ಕ್ಕೆ ನಿಂತರೆ ಪೆನ್‌ಡ್ರೈವನ್ನೋ ರ‍್ಯಾಮನ್ನೋ ಅನುಮಾನಿಸಬೇಕು. ಎರಡು ರ‍್ಯಾಮ್ ಪಟ್ಟಿಯಿದ್ದರೆ ಒಂದನ್ನು ತೆಗೆದು ನೋಡುವುದಕ್ಕೆ ಯಾವ ತಂತ್ರಾಂಶವೂ ಬೇಕಿಲ್ಲ.

ನಮ್ಮ ಸೀಮೆಗೇ ಮೀಸಲಾದ ತೊಂದರೆಗಳೂ ಇವೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಬಿಸಿಲು ಸುದ್ದಿಯೇ ಅಲ್ಲ. ತಗಡಿನ ಅಂಗಡಿಯಲ್ಲಿ ಕೂತ ಪ್ರೊಸೆಸರಿನ ಕೂಲರಿನ ಅಡಿಗೆ ಪ್ಲಾಸ್ಟಿಕ್ ಹಾಳೆ ಕೀಳದೆ ಹಾಗೇ ಉಳಿದಿದ್ದರೆ ಯಂತ್ರ ಏಳುವುದೂ ಆರುವುದೂ ಒಟ್ಟಿಗೇ. ವಿಂಡೋಸ್ ಅರ್ಧ ಏರಿದಾಗ ಕರೆಂಟು ಹೋದರೆ ಏನಾಗುತ್ತದೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬಯೋಸ್ ಅಪ್‌ಡೇಟ್ ನಡುವೆ ಹೋದರೆ ಬೋರ್ಡಿನ ಆಸೆ ಬಿಡಬೇಕಾದೀತು. ಅದಕ್ಕೇ ಯುಪಿಎಸ್ ಇಲ್ಲದೆ ಬಯೋಸ್ ಅಪ್‌ಡೇಟಿಗೆ ಕೈ ಹಾಕಬಾರದು. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನು ಅರ್ಥಿಂಗಿಗೆ ಮುಟ್ಟದಿದ್ದರೆ ಕ್ಯಾಬಿನೆಟ್ಟು ಮುಟ್ಟಿದ ಕೈ ಜುಮ್ಮೆನ್ನುತ್ತದೆ. ಅದಕ್ಕೆ ಪರಿಹಾರ ರಬ್ಬರ್ ಚಪ್ಪಲಿ ಎಂದು ನಂಬಿದವರು ಬಹಳ. ಎಲೆಕ್ಟ್ರಿಷಿಯನ್‌ನನ್ನು ಕರೆಸುವುದು ಒಳ್ಳೆಯದು.

ಸುರಪುರದ ಗೆಳೆಯರೊಬ್ಬರ ಹಳೆಯ ಯಂತ್ರ ದಿನಾ ಬೆಳಿಗ್ಗೆ 2009ರ ಜನವರಿ 1ಕ್ಕೆ ಏಳುತ್ತಿತ್ತು. ಯಾದಗಿರಿ ಜಿಲ್ಲೆಯಾದದ್ದು ಅದೇ ವರ್ಷ ಡಿಸೆಂಬರ್ 30ರಂದು. ಆ ಯಂತ್ರದ ಲೆಕ್ಕದಲ್ಲಿ ನಾವಿನ್ನೂ ಗುಲ್ಬರ್ಗ ಜಿಲ್ಲೆಯವರು. ಬೋರ್ಡಿನ ಮೇಲಿನ 3 ವೋಲ್ಟಿನ ಬಿಲ್ಲೆ ಸೆಲ್ಲು ಸತ್ತರೆ ಗಡಿಯಾರ ಹೀಗೆ ಹುಟ್ಟಿದ ತಾರೀಖಿಗೆ ಮರಳುತ್ತದೆ. ತಾರೀಖು ತಪ್ಪಿದರೆ ಸುರಕ್ಷಿತ ಜಾಲತಾಣಗಳು ಬಾಗಿಲು ತೆರೆಯವು. ಗೆಳೆಯರು ಮೂರು ಸಲ ವಿಂಡೋಸ್ ಬದಲಿಸಿದ್ದರು. ಬದಲಿಸಬೇಕಾಗಿದ್ದದ್ದು ಸಿಆರ್2032 ಎಂಬ ಸೆಲ್ಲು. ಕಿರಾಣಿ ಅಂಗಡಿಯಲ್ಲೂ ಸಿಗುವಂಥದ್ದು.

ಈಗ ಅವರಿಗೆ ಬೇರೊಂದು ಚಿಂತೆ. ವಿಂಡೋಸ್ 10ಕ್ಕೆ ಪುಕ್ಕಟೆ ಭದ್ರತಾ ಅಪ್‌ಡೇಟು 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯವಾಗಿ ಮುಗಿಯಿತು. 2021ರಲ್ಲಿ ಬಂದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಏರ್ಪಾಟು ಬೇಕೆನ್ನುತ್ತದೆ, ಇಂಟೆಲ್ ಆದರೆ ಸುಮಾರಾಗಿ 8ನೆಯ ಪೀಳಿಗೆಯಿಂದೀಚಿನದೇ ಬೇಕೆನ್ನುತ್ತದೆ. ಹೊಸ ಬೋರ್ಡುಗಳಲ್ಲಿ ಟಿಪಿಎಂ ಒಳಗೇ ಇದ್ದರೂ ಕೆಲವೊಮ್ಮೆ ಬಂದ್ ಆಗಿರುತ್ತದೆ; ಸೆಟಪ್ಪಿನಲ್ಲಿ ಚಾಲೂ ಮಾಡಿದರೆ ಸಾಕು. ನಿಜವಾಗಿ ಹಳೆಯ ಯಂತ್ರವಾದರೆ ಅಡ್ಡದಾರಿ ತುಳಿಯುವ ಬದಲು ಲಿನಕ್ಸ್ ಮಿಂಟೋ ಉಬುಂಟುವೋ ಹಾಕಿಕೊಳ್ಳುವುದು ಮೇಲು. "ಅದರಾಗ ನುಡಿ ಹ್ಯಾಂಗ್ರಿ?" ಎಂಬುದು ಎಲ್ಲರ ಮೊದಲ ಪ್ರಶ್ನೆ, ಏಕೆಂದರೆ ಕಚೇರಿಯ ಕನ್ನಡವೆಲ್ಲ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೇಲೆ ಕೈ ಪಳಗಿಸಿಕೊಂಡದ್ದು. ಅದೇ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ ಕೆಜಿಪಿ ಎಂಬ ಹೆಸರಿನಿಂದ ಸಿಗುತ್ತದೆ. ಬೆರಳಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ಟೈಪು ಮಾಡಿಟ್ಟ ಕಡತಗಳನ್ನು ಮಾತ್ರ ಯುನಿಕೋಡಿಗೆ ಬದಲಿಸಿಕೊಳ್ಳಬೇಕು. ಆ ಕೆಲಸ ವಿಂಡೋಸಿನಲ್ಲೂ ತಪ್ಪಿದ್ದಲ್ಲ.

ಶಹಾಪುರದ ಅಂಗಡಿಯಲ್ಲಿ ಕೊನೆಯದಾಗಿ ಇಂಟರ್ನೆಟ್ಟಿನ ತಂಟೆ ಬಂತು. ವಿಂಡೋಸ್ 11ಕ್ಕೆ ಮುಂದೆ ಹೋಗಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ವೈಫೈ ಡ್ರೈವರ್ ಬೇಕು, ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು. ಪಂಚಾಯಿತಿಯವರೆಲ್ಲ ಸುಮ್ಮನಾದರು. ಮೊಬೈಲ್ ರಿಪೇರಿಯವನೇ ತನ್ನ ಫೋನನ್ನು ಚಾರ್ಜಿಂಗ್ ವೈರಿನಿಂದ ಯಂತ್ರಕ್ಕೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಒತ್ತಿದ. ಗಂಟು ಬಿಚ್ಚಿತು. ಅಂದಿನಿಂದ ಅವನ ಮಾತಿಗೆ ನಾನು ಬೆಲೆ ಕೊಡುತ್ತೇನೆ.

ಕೂಡಿಸಿದ ಯಂತ್ರಗಳಲ್ಲಿ ನಾನು ಕಂಡ ಬಹುಪಾಲು ತಕರಾರಿನಲ್ಲಿ ಬಿಡಿಭಾಗ ಯಾವುದೂ ಸುಟ್ಟಿರಲಿಲ್ಲ. ಎಲ್ಲೋ ಒಂದು ವೈರು ಬೇರೆ ತೂತಿನಲ್ಲಿತ್ತು, ಒಂದು ಆಯ್ಕೆ ಬಂದ್ ಇತ್ತು, ಇಲ್ಲವೇ ಪರದೆಯ ಮೇಲೆ ಬಂದ ಮಾತನ್ನು ಯಾರೂ ಓದಿರಲಿಲ್ಲ. ಕೆಟ್ಟದ್ದನ್ನು ಇನ್ನಷ್ಟು ಕೆಡಿಸುವುದು ಗಡಿಬಿಡಿ. ರ‍್ಯಾಮ್ ಬದಲಿಸಿ, ಪೆನ್‌ಡ್ರೈವು ಬದಲಿಸಿ, ಸೆಟಪ್ಪಿನ ನಾಲ್ಕು ಆಯ್ಕೆ ತಿರುವಿ, ಎಲ್ಲವನ್ನೂ ಒಂದೇ ಸಲ ಮಾಡಿದರೆ ಯಂತ್ರ ಎದ್ದರೂ ಯಾತಕ್ಕೆ ಎದ್ದಿತೆಂದು ತಿಳಿಯುವುದಿಲ್ಲ. ನಾಳೆ ಮತ್ತೆ ಮಲಗಿದರೆ ಮತ್ತೆ ಪಂಚಾಯಿತಿ.

ಆದ್ದರಿಂದ ಮನೆಯಲ್ಲೇ ಯಂತ್ರ ಕೂಡಿಸಲು ಹೊರಟ ತರುಣರಲ್ಲಿ ನನ್ನ ವಿನಂತಿ ಇಷ್ಟೇ. ಪರದೆ ಹೇಳಿದ್ದನ್ನು ಪೂರ್ತಿ ಓದಿ, ತಿಳಿಯದಿದ್ದರೆ ಮೊಬೈಲಿನಲ್ಲಿ ಫೋಟೊ ಹಿಡಿದುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಹಳೆಯ ಡಿಸ್ಕಿನಲ್ಲಿ ಮನೆಯವರ ಫೋಟೊಗಳಿದ್ದರೆ ಮೊದಲು ಅವನ್ನು ಬೇರೆಡೆಗೆ ನಕಲಿಸಿ, ಆಮೇಲೆ ಪೆನ್‌ಡ್ರೈವು ಚುಚ್ಚಿ. ವಿಂಡೋಸ್ ಎಷ್ಟು ಸಲ ಬೇಕಾದರೂ ಹೊಡೆಯಬಹುದು. ಅಕ್ಕನ ಮದುವೆ ಇನ್ನೊಮ್ಮೆ ಮಾಡಲಿಕ್ಕೆ ಬರುವುದಿಲ್ಲ.