ಕಲ್ಲಿನಂಗಳದ ಹೊಲ

ಶಹಾಬಾದದ ಕಲ್ಲು ಹಾಸದ ಮನೆ ಈ ಸೀಮೆಯಲ್ಲಿ ಅಪರೂಪ. ಚಿತ್ತಾಪುರ, ಸೇಡಂ, ವಾಡಿಗಳಲ್ಲಿ ನಡುಮನೆಗೂ ಕಲ್ಲು, ಅಂಗಳಕ್ಕೂ ಕಲ್ಲು. ಕಾಲಿಗೆ ತಂಪು, ನಿಜ. ಗುಡಿಸುವುದು ಸುಲಭ, ಅದೂ ನಿಜ. ಆದರೆ ಒಂದು ತುಳಸಿ ನೆಡಬೇಕೆಂದರೂ ಬೊಗಸೆ ಮಣ್ಣು ಸಿಕ್ಕದು.

ವಾಡಿಯ ಅಂಥದೊಂದು ಮನೆಗೆ ಚಿಂಚೋಳಿ ಕಡೆಯ ಮುದುಕಿಯೊಬ್ಬಳು ಮಗನೊಡನೆ ಇರಲು ಬಂದಳು. ಹೊಲ ಮಾರಿಯಾಗಿತ್ತು. ಉಣ್ಣಲು ಕೊರತೆಯಿಲ್ಲ, ಸೊಸೆಯೂ ಒಳ್ಳೆಯವಳೇ. ಆದರೂ ಬೆಳಗಾದರೆ ಕೈಗೆ ಕೆಲಸವಿಲ್ಲ. ಎಳ್ಳಮಾವಾಸ್ಯೆ ಬಂತು. ಕಲಬುರಗಿ ಸೀಮೆಯಲ್ಲಿ ಆ ದಿನ ಮನೆಯೊಳಗೆ ಉಣ್ಣುವವರುಂಟೆ? ಸಜ್ಜೆಯ ರೊಟ್ಟಿ, ಕಡುಬು, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಬೆಳೆಗೆ ಚರಗ ಚೆಲ್ಲಿದ ಮೇಲೆಯೇ ಊಟ. ಪಾಂಡವರಿಗೇನೋ ವಾಡಿಯಲ್ಲಿ ಬರವಿಲ್ಲ, ಹೊಲವೆಲ್ಲಿ? ಮುದುಕಿ ಅಂದು ಅರ್ಧ ಊಟಕ್ಕೇ ಎದ್ದಳು.

ಮರುವರ್ಷ ದಸರೆಯ ಹೊತ್ತಿಗೆ ಸೊಸೆ ಸೇವಂತಿಗೆಗೆಂದು ಕುಂಡಗಳನ್ನು ತರಿಸಿದಳು. ಅತ್ತೆ ಎಣ್ಣೆಯ ಡಬ್ಬಿಗಳ ತಳಕ್ಕೆ ಮೊಳೆಯಿಂದ ತೂತು ಹೊಡೆಸಿದಳು, ಮೆಂತ್ಯದ ಪಲ್ಲೆಗೆಂದು.

“ಹೂವಿನ ಪಲ್ಲೆ ಮಾಡ್ಲಿಕ್ಕೆ ಬರ್ತದೇನವ್ವ?”

“ಮೆಂತ್ಯ ಮುಡಕೊಳ್ಳಲಿಕ್ಕೆ ಬರ್ತದೇನ್ರಿ ಅತ್ತಿ?”

ಬಿಸಿಲು ಬೀಳುವ ಮೂಲೆ ಒಂದೇ ಇದ್ದುದರಿಂದ ಜಗಳ ತಾನಾಗಿ ತೀರಿತು: ನಡುವೆ ಹೂವು, ಅಂಚಿಗೆ ಸೊಪ್ಪು.

ಕೇವಲ ಎರೆಮಣ್ಣು ಕುಂಡಕ್ಕೆ ಆಗದು. ನೀರುಂಡರೆ ಉಬ್ಬಿ ಬೇರಿನ ಉಸಿರು ಕಟ್ಟಿಸುವುದು. ಒಣಗಿದರೆ ಕುಂಡದ ಗೋಡೆಯನ್ನು ಬಿಟ್ಟು ಬಿರಿಯುವುದು, ಎರೆದ ನೀರೆಲ್ಲ ಆ ಸಂದಿಯಿಂದ ಹರಿದುಹೋಗುವುದು. ಮಗ ಚಿಂಚೋಳಿಯಿಂದ ಕೆಮ್ಮಣ್ಣು ತಂದ. ಮರಳು, ಹಳೆಯ ಸಗಣಿಗೊಬ್ಬರ ಸೇರಿಸಿ ಮುದುಕಿ ಕೈಯಾರೆ ಕಲಸಿದಳು. ಸೊಸೆ ಸೇವಂತಿಗೆ, ಚೆಂಡುಹೂವಿನ ಸಸಿಗಳನ್ನು ನಟ್ಟಳು. ಮೆಂತ್ಯಕ್ಕೆ ಬಲು ಆತುರ, ನಾಲ್ಕು ದಿನಕ್ಕೆ ಮೊಳಕೆ. ಕೊತ್ತಂಬರಿಯೋ, ಬೀಜವನ್ನು ಎರಡು ಹೋಳಾಗಿ ಉಜ್ಜಿ ಬಿತ್ತಿದರೂ ಹತ್ತು ದಿನ ಕಾಯಿಸುವುದು. ತಿಂಗಳೊಳಗೆ ಮೆಂತ್ಯವನ್ನು ಕಿತ್ತರೆ ಹೂಗಿಡಕ್ಕೆ ಜಾಗವೂ ಆಯಿತು, ಮನೆಗೆ ಪಲ್ಲೆಯೂ ಆಯಿತು. ಸಿಮೆಂಟಿನ ಊರಾದ್ದರಿಂದ ಎಲೆಗಳ ಮೇಲಿನ ಧೂಳನ್ನು ಆಗಾಗ ತೊಳೆಯಬೇಕಾಗುತ್ತಿತ್ತು, ಅಷ್ಟೆ.

ಚೆಂಡುಹೂವು ಅರಳಿತು, ಸೇವಂತಿಗೆ ಮಾತ್ರ ಎಲೆ ಬಿಟ್ಟುಕೊಂಡು ಸುಮ್ಮನೆ ನಿಂತಿತು. ಗೋಡೆಯ ಮರೆಯಲ್ಲಿದ್ದ ಒಂದೇ ಕುಂಡದಲ್ಲಿ ಮೊಗ್ಗು. ಇರುಳು ಉದ್ದವಾದಾಗ ಮೊಗ್ಗಿಡುವ ಜಾತಿ ಅದು. 1874ರಲ್ಲಿ ಸಿಕಂದರಾಬಾದಿನ ಹಳಿ ಬಂದು ಕೂಡಿದ ಜಂಕ್ಷನ್ನು ವಾಡಿ. ಅಲ್ಲಿ ಇರುಳಿಗೆ ಅವಕಾಶವೆಲ್ಲಿ? ಬೀದಿಯ ದೀಪ ನೇರವಾಗಿ ಅಂಗಳಕ್ಕೆ ಬೀಳುತ್ತಿತ್ತು. ಅಂದಿನಿಂದ ಸಂಜೆಯಾದರೆ ಅತ್ತೆ ಸೊಸೆಯರು ಕುಂಡಗಳನ್ನು ಕತ್ತಲೆಗೆ ಸರಿಸಿ, ಬೆಳಿಗ್ಗೆ ಬಿಸಿಲಿಗೆ ತರತೊಡಗಿದರು. ಮುದುಕಿಯ ಸೊಂಟ ನೋಯಿತು. ಆದರೆ ಆ ನೋವಿನ ಬಗೆಗೆ ಆಕೆ ದೂರಿದ್ದನ್ನು ಯಾರೂ ಕೇಳಲಿಲ್ಲ.

ಎಳ್ಳಮಾವಾಸ್ಯೆಗೆ ಎರಡನೆಯ ಬಿತ್ತನೆಯ ಮೆಂತ್ಯ ಕೈಗೆ ಬಂದಿತ್ತು. ಮುದುಕಿ ಭಜ್ಜಿ ಮಾಡಿದಳು. ಐದು ಕಲ್ಲುಗಳನ್ನಿಟ್ಟು ಪೂಜಿಸಿ, ಕುಂಡಗಳ ಸುತ್ತ ಚರಗ ಚೆಲ್ಲಿದಳು. ಬೀದಿಯಲ್ಲಿ ಹೋಗುವವರು ನೋಡಿಯಾರೆಂದು ಮಗ ಬಾಗಿಲು ಮುಂದೂಡಲು ಹೋದ, ಸೊಸೆ ಬೇಡವೆಂದಳು. ಕಲ್ಲಿನ ಮೇಲೆಯೇ ಎಲ್ಲರೂ ಉಣ್ಣಲು ಕುಳಿತರು. ಮುದುಕಿ ಎರಡನೆಯ ರೊಟ್ಟಿ ಬೇಡಿ ಹಾಕಿಸಿಕೊಂಡಳು. ಸೇವಂತಿಗೆ ಇನ್ನೂ ಮೊಗ್ಗಾಗಿಯೇ ಇತ್ತು. ಅದರ ಬುಡಕ್ಕೂ ಒಂದು ತುತ್ತು ಬಿತ್ತು.