ಕೋಡಿ ಬಿತ್ತು, ಅರ್ಜಿ ಕೊಡಿ

ಮಳೆನೀರು ಮನೆಗೆ ಮುಂಬಾಗಿಲಿನಿಂದ ಬರುತ್ತದೆ ಎಂದು ತಿಳಿದವರು ತಗ್ಗಿನ ಬಡಾವಣೆಯಲ್ಲಿ ಸಂಸಾರ ಮಾಡಿದವರಲ್ಲ. ಅದು ಬರುವುದು ಬಚ್ಚಲಿನಿಂದ. ಹೊರಗೆ ಮಳೆ ಇನ್ನೂ ಹದವಾಗಿ ಬೀಳುತ್ತಿರುವಾಗಲೇ ಬಚ್ಚಲಿನ ತೂತು ಗೊರ್ ಎಂದು ಒಮ್ಮೆ ಗೊರಕೆ ಹೊಡೆಯುತ್ತದೆ. ಸದ್ದು ಕಿವಿಗೆ ಬಿದ್ದದ್ದೇ ತಡ, ನನ್ನ ಹೆಂಡತಿ ಹಳೆಯ ಲುಂಗಿಯೊಂದನ್ನು ಉಂಡೆ ಮಾಡಿ ತೂತಿಗೆ ತುರುಕಿ, ಅದರ ಮೇಲೆ ಅವಳತ್ತೆಯ ಕಾಲದ ರುಬ್ಬುಗುಂಡನ್ನು ಕೂರಿಸುತ್ತಾಳೆ. ಮಿಕ್ಸಿ, ಗ್ರೈಂಡರ್ ಎಲ್ಲ ಬಂದ ಮೇಲೂ ಆ ಗುಂಡು ನಮ್ಮ ಮನೆಯಲ್ಲಿ ಉಳಿದಿರುವುದು ಈ ಒಂದು ಹುದ್ದೆಯ ಬಲದಿಂದ. ಅಷ್ಟರಲ್ಲಿ ನಾನು ಫ್ರಿಜ್ಜಿನ ಕಾಲಡಿಗೆ ಇಟ್ಟಿಗೆ ಕೊಟ್ಟು, ಮಂಚದ ಕೆಳಗಿನ ಪುಸ್ತಕಗಳನ್ನು ಅಟ್ಟಕ್ಕೇರಿಸಿ, ಸಹಾಯವಾಣಿಗೆ ಫೋನು ಹಚ್ಚುತ್ತೇನೆ. ಫೋನು ಹಚ್ಚುವುದು ನೀರು ನಿಲ್ಲಲಿ ಎಂದಲ್ಲ. ಬಂದ ನೀರಿಗೆ ಒಂದು ದೂರಿನ ನಂಬರಾದರೂ ಇರಲಿ ಎಂದು.

ನಾನು ಹುಟ್ಟಿದ್ದು ಬಯಲುಸೀಮೆಯ ಹಳ್ಳಿಯಲ್ಲಿ. ಅಲ್ಲಿ ನೀರು ಉಕ್ಕಿ ಹರಿಯುವುದು ಶುಭಸಮಾಚಾರ. ಕೆರೆ ಕೋಡಿ ಬಿತ್ತು ಎಂದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆಲ್ಲ ಕಾಗದ ಹೋಗುತ್ತಿತ್ತು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ತೆಂಗಿನಕಾಯಿ ಇಟ್ಟು ಗಂಗಮ್ಮನಿಗೆ ಬಾಗಿನ ಬಿಡುತ್ತಿದ್ದರು. ನಾವು ಹುಡುಗರು ಕೋಡಿಯ ಕೆಳಗೆ ಟವೆಲ್ ಹಿಡಿದು ಮೀನಿಗೆ ಕಾಯುತ್ತಿದ್ದೆವು. ಊರಿಗೊಬ್ಬ ನೀರುಗಂಟಿ ಇದ್ದ. ತೂಬು ಎತ್ತುವವನೂ ಅವನೇ, ಇಳಿಸುವವನೂ ಅವನೇ. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ರಾಗಿ ಅಳೆಸಿಕೊಂಡು ಹೋಗುತ್ತಿದ್ದ. ಕೋಡಿ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಮುಂದಿನ ಕೆರೆಯ ಹೆಸರು ಹೇಳುತ್ತಿದ್ದ, ಅದರ ಮುಂದಿನದನ್ನೂ ಹೇಳುತ್ತಿದ್ದ. ಬೀಡಿ ಹಚ್ಚಿಕೊಂಡಿದ್ದರೆ ಇನ್ನೂ ಎರಡು ಕೆರೆ ದಾಟಿಸುತ್ತಿದ್ದ.

ಬೆಂಗಳೂರಿನಲ್ಲೂ ಕೆರೆ ಕೋಡಿ ಬೀಳುತ್ತದೆ. ಬಾಗಿನದ ಬದಲು ನಾವು ಅರ್ಜಿ ಬಿಡುತ್ತೇವೆ, ಅಷ್ಟೇ.

ಈ ಊರು ಮುಳುಗುವುದೇ ಒಂದು ಸೋಜಿಗ. ಸಮುದ್ರವಿಲ್ಲ, ದೊಡ್ಡ ನದಿಯಿಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತಿದೆ. ಒಂದು ಕಡೆ ಬಿದ್ದ ನೀರು ವೃಷಭಾವತಿ ಹಿಡಿದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಕೋರಮಂಗಲ, ಚಲ್ಲಘಟ್ಟ, ಹೆಬ್ಬಾಳದ ಕಣಿವೆಗಳಲ್ಲಿ ಇಳಿದದ್ದು ದಕ್ಷಿಣ ಪಿನಾಕಿನಿಗೆ. ಎಲ್ಲ ದಿಕ್ಕಿಗೂ ಇಳಿಜಾರಿರುವ ಊರನ್ನು ಮುಳುಗಿಸಬೇಕಾದರೆ ಸಾಕಷ್ಟು ಶ್ರಮ ಬೇಕು. ಆ ಶ್ರಮದಲ್ಲಿ ನಾವು ಯಾರೂ ಹಿಂದೆ ಬಿದ್ದಿಲ್ಲ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದದ್ದು ಎಲ್ಲರಿಗೂ ಗೊತ್ತು. ಮಿಕ್ಕ ಕೆರೆಗಳ ಗತಿ ನೋಡಿದರೆ ನಮ್ಮ ಕ್ರೀಡಾಪ್ರೇಮ ಎದ್ದು ಕಾಣುತ್ತದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನವಾಯಿತು. ಚಲ್ಲಘಟ್ಟದ ಕೆರೆ ಗಾಲ್ಫಿಗೆ ಹೋಯಿತು. ಕೋರಮಂಗಲದ ಕೆರೆಯಂಗಳದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮ ಎದ್ದಿತು. ಈಜು ಒಂದನ್ನು ಬಿಟ್ಟು ಉಳಿದೆಲ್ಲ ಆಟಕ್ಕೂ ಕೆರೆ ಕೊಟ್ಟವರು ನಾವು.

ಕೆರೆಯಿಂದ ಕೆರೆಗೆ ನೀರು ಒಯ್ಯುತ್ತಿದ್ದ ರಾಜಕಾಲುವೆಗಳ ಕಥೆಯೂ ಇದೇ. 2021ರ ಸಿಎಜಿ ವರದಿಯ ಪ್ರಕಾರ ವೃಷಭಾವತಿ ಕಣಿವೆಯಲ್ಲಿ ಕಳೆದ ಶತಮಾನದ ಆರಂಭದಲ್ಲಿ ಸುಮಾರು 226 ಕಿ.ಮೀ. ಇದ್ದ ಕಾಲುವೆ, 2016–17ರ ಹೊತ್ತಿಗೆ ಸುಮಾರು 112 ಕಿ.ಮೀ.ಗೆ ಇಳಿದಿತ್ತು. ಮನೆಯಲ್ಲಿ ಒಂದು ಚೊಂಬು ಕಾಣದಿದ್ದರೆ ಮಂಚ ಸರಿಸಿ ಹುಡುಕುತ್ತೇವೆ. ನೂರು ಕಿ.ಮೀ. ಉದ್ದದ ಕಾಲುವೆ ಕಾಣೆಯಾದರೆ ಯಾವ ಮಂಚ ಸರಿಸುವುದು?

ಸರ್ಕಾರ ಸುಮ್ಮನೆ ಕೂತಿದೆ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಏಪ್ರಿಲ್, ಮೇ ತಿಂಗಳಲ್ಲಿ ಮುಂಗಾರು ಪೂರ್ವಸಿದ್ಧತಾ ಸಭೆ ನಡೆಯುತ್ತದೆ. ಮಳೆ ಬರುವುದು ಅದಾದ ಮೇಲೆಯೇ. ಕಾಲುವೆಗಳಿಗೆ ನೀರಿನ ಮಟ್ಟ ಅಳೆಯುವ ಸೆನ್ಸರು ಕೂರಿಸಿದ್ದಾರೆ. 2020ರಲ್ಲಿ ‘ಮೇಘಸಂದೇಶ’ ಎಂಬ ಆ್ಯಪ್ ಕೂಡ ಬಂತು. ಕಾಳಿದಾಸನ ಯಕ್ಷ ಮೋಡದ ಕೈಲಿ ಹೆಂಡತಿಗೆ ಸುದ್ದಿ ಕಳಿಸಿದ; ಇಲ್ಲಿ ಮೋಡದ ಸುದ್ದಿಯೇ ನಮ್ಮ ಜೇಬಿಗೆ ಬರುತ್ತದೆ. ಯಕ್ಷನ ಹೆಂಡತಿ ಇದ್ದದ್ದು ಕೈಲಾಸದ ತಪ್ಪಲಿನ ಅಲಕಾಪುರಿಯಲ್ಲಿ, ಆಕೆ ಬಚ್ಚಲಿಗೆ ಗುಂಡು ಹೊರಬೇಕಾಗಿರಲಿಲ್ಲ ಎಂಬ ಸಣ್ಣ ವ್ಯತ್ಯಾಸ ಬಿಟ್ಟರೆ ವ್ಯವಸ್ಥೆ ಚೆನ್ನಾಗಿಯೇ ಇದೆ.

ಆಮೇಲೆ ಹೂಳೆತ್ತುತ್ತಾರೆ. ನಗರದ ಯಾವ ಮೂಲೆಗೆ ಹೋದರೂ ಕಾಣುವ ನೋಟ ಇದು: ಜೆಸಿಬಿ ಬಂದು ಚರಂಡಿಯೊಳಗಿನ ಕರೀ ಕೆಸರು, ಪ್ಲಾಸ್ಟಿಕ್ಕು, ಒಂಟಿ ಚಪ್ಪಲಿ, ಹಾಸಿಗೆಯ ಹತ್ತಿ, ಎಲ್ಲವನ್ನೂ ಎತ್ತಿ ಅದೇ ಚರಂಡಿಯ ದಡದ ಮೇಲೆ ಸಾಲಾಗಿ ಗುಡ್ಡೆ ಹಾಕಿ ಹೋಗುತ್ತದೆ. ಒಣಗಿದ ಮೇಲೆ ಸಾಗಿಸುತ್ತಾರಂತೆ. ಒಣಗುವ ಮೊದಲೇ ಮಳೆ ಬರುತ್ತದೆ. ತವರಿಗೆ ಬಂದ ಮಗಳು ನಾಲ್ಕು ದಿನ ಇದ್ದು ಗಂಡನ ಮನೆಗೆ ಮರಳುವ ಹಾಗೆ, ಹೂಳು ಕಾಲುವೆಗೆ ಮರಳುತ್ತದೆ.

ಮುಳುಗಡೆಯಲ್ಲಿ ಈ ಊರು ಭೇದ ಮಾಡುವುದಿಲ್ಲ ಎನ್ನುವುದೊಂದು ಸಮಾಧಾನ. 2016ರಲ್ಲಿ ಕೋಡಿಚಿಕ್ಕನಹಳ್ಳಿಯ ರಸ್ತೆಗಳಲ್ಲಿ ಜನ ಮೀನು ಹಿಡಿದರು. ನಾನು ಟಿವಿಯ ಮುಂದೆ ಕೂತು, ಸಂಕಟಪಡಬೇಕಾದ ಹೊತ್ತಿನಲ್ಲಿ ಆ ಟವೆಲ್ ದಿನಗಳನ್ನು ನೆನೆದು ಒಳಗೊಳಗೇ ಖುಷಿಪಟ್ಟೆ. 2020ರ ಅಕ್ಟೋಬರಿನಲ್ಲಿ ಹೊಸಕೆರೆಹಳ್ಳಿಯ ಕಡೆ ಮನೆಗಳಿಗೆ ನೀರು ನುಗ್ಗಿದಾಗ ಮನೆಗೆ 25,000 ರೂಪಾಯಿ ಪರಿಹಾರ ಘೋಷಣೆಯಾಯಿತು. 2022ರ ಸೆಪ್ಟೆಂಬರಿನ ಒಂದೇ ರಾತ್ರಿ ಸುಮಾರು 131 ಮಿ.ಮೀ. ಮಳೆ ಸುರಿದು ಸರ್ಜಾಪುರ ರಸ್ತೆಯ ಬಂಗಲೆಗಳೂ ಮುಳುಗಿದವು. ಕೋಟಿ ಬೆಲೆಯ ಕಾರುಗಳು ನೀರಿನಡಿ ನಿಂತವು, ಅವುಗಳ ಯಜಮಾನರು ಟ್ರ್ಯಾಕ್ಟರ್ ಹತ್ತಿ ಹೊರಬಂದರು. 2016ರಲ್ಲೂ 2022ರಲ್ಲೂ ನೀರು ಇಳಿದ ಮೇಲೆ ಒತ್ತುವರಿ ಕೆಡವಲು ಬುಲ್ಡೋಜರ್ ಬಂತು. ಎಲ್ಲಿಂದ ಎಲ್ಲಿಯವರೆಗೆ ಕೆಡವಬೇಕು ಎಂಬುದೇ ಜಗಳ. ಕೆರೆಯಂಚಿಗೆ 75 ಮೀಟರ್ ಬಿಡಿ ಎಂದು 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿದ ಮೇಲೆ ಮತ್ತೆ ಹಳೆಯ 30 ಮೀಟರಿಗೇ ಬಂದೆವು. ನೀರಿಗೆ ಮಾತ್ರ ಯಾವ ತೀರ್ಪಿನ ಪ್ರತಿಯೂ ಮುಟ್ಟಲಿಲ್ಲ.

2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ಒಂದಿದ್ದ ಪಾಲಿಕೆ ಐದಾಗಿದೆ. ಇನ್ನು ಮುಂದೆ ಮಳೆ ಒಂದು ಪಾಲಿಕೆಯಲ್ಲಿ ಬಿದ್ದು, ಇನ್ನೊಂದರಲ್ಲಿ ಹರಿದು, ಮೂರನೆಯದರ ಬಚ್ಚಲಲ್ಲಿ ಎದ್ದರೆ ಅರ್ಜಿಯ ಮೇಲೆ ಯಾರ ವಿಳಾಸ ಬರೆಯಬೇಕು ಎಂಬುದನ್ನು ನಮ್ಮ ಬಡಾವಣೆಯ ಹಿರಿಯರು ಗಂಭೀರವಾಗಿ ಚರ್ಚಿಸುತ್ತಿದ್ದಾರೆ.

ಈಚೆಗೆ ನಮ್ಮಲ್ಲಿಗೂ ಸರ್ವೆ ಬಂತು. ಇಂಜಿನಿಯರ್ ಹುಡುಗ ಒಳ್ಳೆಯವನು. ಮೊಣಕಾಲಿನವರೆಗೆ ಪ್ಯಾಂಟು ಮಡಚಿಕೊಂಡು ನಿಜವಾಗಿಯೂ ಕೆಸರಿಗೆ ಇಳಿದ. ಜೊತೆಗೆ ಸರ್ವೆಯರು, ಅವರ ಕೈಯಲ್ಲಿ ಮಡಿಕೆಯಲ್ಲೆಲ್ಲ ಹರಿದ ಹಳೆಯ ಗ್ರಾಮನಕಾಶೆ. ನಕಾಶೆಯಲ್ಲಿ ಜೋಡಿಗೆರೆ ಎಳೆದ ಕಾಲುವೆ ಇತ್ತು, ನೆಲದ ಮೇಲೆ ಅಡ್ಡರಸ್ತೆಗಳಿದ್ದವು. ಒಂದಕ್ಕೊಂದು ಕೂಡಿಬರಲೊಲ್ಲದು. ಕೊನೆಗೆ, ಬಡಾವಣೆ ಹುಟ್ಟುವ ಮೊದಲಿನಿಂದ ಇರುವ ಹಳ್ಳಿಯ ತಾತನನ್ನು ಕರೆಸಿದರು. ಈಗಲೂ ಎರಡು ಸೀಮೆಹಸು ಕಟ್ಟಿಕೊಂಡು ನಮಗೆಲ್ಲ ಹಾಲು ಹಾಕುವ ಮನುಷ್ಯ.

“ತಾತ, ಈ ಕಾಲ್ವೆ ಎಲ್ಲಿಗೆ ಹೋಗುತ್ತೆ?” ಎಂದು ಇಂಜಿನಿಯರ್ ಕೇಳಿದ.

“ಓಗ್ತಿತ್ತು ಸ್ವಾಮಿ, ಕೆಳಗ್ಲ ಕೆರೆಗೆ. ಈಗ ಆ ನೀಲಿ ಗೇಟ್ನೋರ ಮನೆಗೆ ಓಯ್ತದೆ.”

“ಅವರ ಮನೆ ಆದ್ಮೇಲೆ?”

“ಅವ್ರು ಹಿಂದ್ಲ ಬಾಗ್ಲು ತೆಗುದ್ರೆ ಇನ್ನೊಬ್ರ ಮನೆಗೆ.”

ನೀಲಿ ಗೇಟಿನವರು ದಾಖಲೆಗಳ ಫೈಲು ತಂದರು. ಖಾತೆ, ಕಂದಾಯ ರಸೀತಿ, ಬ್ಯಾಂಕ್ ಸಾಲದ ಪತ್ರ, ಒಂದೂ ಕಮ್ಮಿಯಿಲ್ಲ. ಇಂಜಿನಿಯರ್ ಎಲ್ಲವನ್ನೂ ನೋಡಿ, “ಎಲ್ಲ ಸರಿಯಾಗಿದೆ ಸಾರ್, ಕಾಲ್ವೆ ಒಂದೇ ತಪ್ಪು ಜಾಗದಲ್ಲಿರೋದು” ಎಂದ. ತಮಾಷೆಗೋ ನಿಜಕ್ಕೋ, ಅವನ ಮುಖದಿಂದ ಗೊತ್ತಾಗಲಿಲ್ಲ.

ತಾತ ಕೋಲು ಊರಿಕೊಂಡು ಮುಂದೆ ನಡೆದ. ಅವನ ಹಿಂದೆ ಟೇಪು, ಟೇಪಿನ ಹಿಂದೆ ಕೆಂಪು ಬಣ್ಣದ ಡಬ್ಬಿ, ಡಬ್ಬಿಯ ಹಿಂದೆ ನಾವು. ಪ್ರತಿ ಮನೆಯವರೂ ತಮ್ಮ ಕಾಂಪೌಂಡು ದಾಟುವ ತನಕ ಬಾಯಿ ಬಿಡದೆ ನಡೆದು, ದಾಟಿದ ಮೇಲೆ ಒತ್ತುವರಿದಾರರ ಮೇಲೆ ಕಠಿಣ ಕ್ರಮ ಆಗಲೇಬೇಕೆಂದು ಜೋರಾಗಿ ಮಾತಾಡತೊಡಗಿದರು. ಪಾರ್ಕಿನ ಮೂಲೆಗೆ ಬಂದಾಗ ತಾತ ನಿಂತು, ಎದುರಿನ ಕಟ್ಟಡದ ಮೆಟ್ಟಿಲಿಗೆ ಕೋಲು ಕುಟ್ಟಿದ. “ಇಲ್ಲೇ ನೋಡಿ ಸ್ವಾಮಿ, ನಟ್ಟನಡುವೆ. ಇಲ್ಲಿ ನಾವು ಎಮ್ಮೆ ಮೈ ತೊಳೀತಿದ್ದೊ.”

ಅದು ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಚೇರಿ. ರಾಜಕಾಲುವೆ ಒತ್ತುವರಿ ತೆರವು ಮಾಡಬೇಕೆಂದು ವರ್ಷವರ್ಷವೂ ಅರ್ಜಿ ಬರೆದದ್ದು ಅದೇ ಕಟ್ಟಡದ ಮೇಜಿನ ಮೇಲೆ. ಸಂಘದ ಲೆಟರ್‌ಹೆಡ್ಡಿನಲ್ಲಿ ಅಚ್ಚಾಗಿರುವುದೂ ಅದೇ ವಿಳಾಸ. ಬಣ್ಣದ ಡಬ್ಬಿಯವನು ಬಾಗಿಲ ಪಕ್ಕದ ಗೋಡೆಗೆ ದೊಡ್ಡದೊಂದು ಕೆಂಪು ಗುಣಾಕಾರ ಎಳೆದ. ನಮ್ಮ ಕಾರ್ಯದರ್ಶಿಗಳು ಅದು ಒಣಗುವವರೆಗೆ ನೋಡುತ್ತ ನಿಂತಿದ್ದು, ಇದರ ವಿರುದ್ಧ ತುರ್ತುಸಭೆ ಕರೆಯಬೇಕು ಎಂದರು. ಸಭೆ ಎಲ್ಲಿ ಎಂದು ಯಾರೋ ಕೇಳಿದರು. ಎತ್ತರದ ಜಾಗ ನೋಡಿ ಭಾನುವಾರ ನಮ್ಮ ಮಹಡಿಯ ಮೇಲೆ ಎಂದು ತೀರ್ಮಾನವಾಗಿದೆ. ಕಾಫಿಯ ಖರ್ಚು ಸಂಘದ್ದೋ ನಮ್ಮದೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.